ಹಂಚಿನ ಮೇಲೆ ಒಂದು ಹಿಡಿ ಮೇವು

ತೊಟ್.

ಊರೆಲ್ಲ ಮಲಗಿದ್ದ ಹೊತ್ತು. ಗುರುಸಿದ್ದವ್ವ ಕಣ್ಣು ಬಿಟ್ಟಳು. ಮಳೆ ಬಂತೇನೋ ಎಂದು ಕಿವಿಗೊಟ್ಟಳು. ಮಾಳಿಗೆಯ ಮೇಲೆ ಸದ್ದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹಿತ್ತಲ ಕಡೆಯಿಂದ ಮತ್ತೆ ಬಂತು. ತೊಟ್.

ಗುರುಸಿದ್ದವ್ವ ಹಾಲಿನ ಗಡಿಗೆಯ ಬಾಯಿ ಮುಚ್ಚಿದ್ದೇನೆಯೋ ಇಲ್ಲವೋ ಎಂದು ಎರಡು ಸಲ ಎದ್ದು ನೋಡುವ ಸ್ವಭಾವದವಳು. ಸದ್ದು ಎಲ್ಲಿಂದ ಬಂತು ಎಂದು ತಿಳಿಯದೆ ಅವಳಿಗೆ ನಿದ್ದೆ ಬರುವುದಿಲ್ಲ. ಗಂಡ ಹೊಳಬಸಪ್ಪನನ್ನು ಎಬ್ಬಿಸದೆ ಕಂದೀಲು ಹಿಡಿದು ಹಿತ್ತಲಿಗೆ ಹೋದಳು.

ಅಲ್ಲಿ ಎಂಟು ದಿನದ ಹಿಂದೆ ಗಂಡ ಹೆಂಡತಿ ಕೂಡಿ ತುಂಬಿ ಮುಚ್ಚಿದ್ದ ರಸಮೇವಿನ ಗುಂಡಿ ಇತ್ತು. ಹಸಿರು ಗೋವಿನಜೋಳವನ್ನು, ಅಂದರೆ ಮೆಕ್ಕೆಜೋಳವನ್ನು, ಸಣ್ಣಗೆ ಕತ್ತರಿಸಿ, ಗುಂಡಿಯಲ್ಲಿ ತುಳಿದು ತುಂಬಿ, ಗಾಳಿ ಹೋಗದಂತೆ ಮೇಲೆ ಮಣ್ಣು ಮೆತ್ತಿದರೆ ಅದು ಒಳಗೇ ಹುಳಿಯಾಗಿ ಬೇಸಿಗೆಯವರೆಗೂ ಉಳಿಯುತ್ತದೆ. ಅದೇ ರಸಮೇವು. ಜೋಳದ ಒಣ ದಂಟು, ಅಂದರೆ ಕಣಿಕೆ ತಿಂದು ಹಾಲು ಕಡಿಮೆ ಮಾಡುವ ಎಮ್ಮೆ, ರಸಮೇವು ಸಿಕ್ಕರೆ ಬೇಸಿಗೆಯಲ್ಲೂ ಹಾಲು ಕೊಡುತ್ತದೆ. ಹುನಗುಂದದಲ್ಲಿ ನಡೆದ ಹಾಲಿನ ಸಂಘದ ಸಭೆಯಲ್ಲಿ ಇದನ್ನು ಹೇಳಿದ್ದರು. ಗುಂಡಿಯ ಉದ್ದ, ಅಗಲ, ಆಳ ಎಲ್ಲವನ್ನೂ ಗುರುಸಿದ್ದವ್ವ ನೋಟಬುಕ್ಕಿನಲ್ಲಿ ಬರೆದುಕೊಂಡಿದ್ದಳು. ಮೇವು ಎಷ್ಟು ಹಸಿಯಾಗಿರಬೇಕು ಎಂಬ ಮಾತು ಬರುವ ಹೊತ್ತಿಗೆ ಊರಿನ ಬಸ್ಸಿನ ವೇಳೆಯಾಗಿತ್ತು. ಎಲ್ಲರ ಹಾಗೆ ಅವಳೂ ಎದ್ದು ಬಂದಿದ್ದಳು.

ಗುಂಡಿಯ ಇಳಿಜಾರಿನ ಕಡೆ ಕಲ್ಲಿನ ಗೋಡೆ. ಕಲ್ಲಿನ ಸಂದಿಯಿಂದ ಕಂದು ನೀರು ಜಿನುಗಿ ಕೆಳಗಿದ್ದ ತಗಡಿನ ಮೇಲೆ ಬೀಳುತ್ತಿತ್ತು. ತೊಟ್. ಅವಳು ಬೆರಳಿನಲ್ಲಿ ಮುಟ್ಟಿ ಮೂಸಿ ನೋಡಿದಳು. ಮುಖ ಕಿವುಚಿಕೊಂಡಳು.

"ಏನವಾ ಗುರುಸಿದ್ದಿ, ನಿಮ್ಮ ಗುಂಡಿ ಅಳಾಕತ್ತೈತೇನು?"

ಹಿಂದೆ ಅತ್ತೆ ಶಿವಲಿಂಗವ್ವ ನಿಂತಿದ್ದಳು.

"ಇಲ್ಲರಿ ಅತ್ತಿ. ತುಸು ನೀರು ಬಸ್ಯಾಕತ್ತೈತಿ."

"ತುಸು ನೀರು! ಎಂಟು ದಿನದಿಂದ ನಾ ಕೇಳಾಕತ್ತೇನಿ. ನಿನಗ ಇವತ್ತ ಕೇಳ್ಸೇತಿ ನೋಡು."

ಎರಡು ತಿಂಗಳ ಮೇಲೆ ಗುಂಡಿ ತೆಗೆದಾಗ ಓಣಿಯ ಜನ ಮೂಗಿಗೆ ಸೆರಗು ಹಿಡಿದರು. ಮೇವು ಕಪ್ಪಗಾಗಿ ಲೋಳೆಲೋಳೆಯಾಗಿತ್ತು. ಚಂದ್ರಿ ಎಂಬ ಅವರ ಎಮ್ಮೆ ಒಂದು ಸಲ ಮೂಸಿ, ಮುಖ ತಿರುಗಿಸಿ, ಬಾಲ ಬೀಸಿ ನಿಂತಿತು. ಎರಡು ಗಾಡಿ ಮೇವು ತಿಪ್ಪೆಗೆ ಹೋಯಿತು. ಪಕ್ಕದ ಮನೆಯ ದೌಲತಬಿ ಕಿರಾಣಿ ಅಂಗಡಿಯಲ್ಲಿ ಕೂತು ಬಂದವರಿಗೆಲ್ಲ, "ಅಗರಬತ್ತಿ ಒಯ್ರಿ, ಈ ಓಣ್ಯಾಗ ಬೇಕಾಗತಾವು" ಎಂದು ಮಾರಿದಳು.

ಆ ಬೇಸಿಗೆಯಲ್ಲಿ ಚಂದ್ರಿಯ ಹಾಲು ಒಂದು ಲೀಟರಿಗೆ ಇಳಿಯಿತು. ಶಿವಲಿಂಗವ್ವ ಮಗನನ್ನೂ ಸೊಸೆಯನ್ನೂ ಕೂಡಿಸಿಕೊಂಡು ಖಡಾಖಂಡಿತವಾಗಿ ಹೇಳಿದಳು.

"ಇನ್ನೊಂದು ವರ್ಷ ನೋಡ್ತೇನಿ. ಬರೂ ವರ್ಷಾನೂ ಗುಂಡಿ ಕೆಟ್ಟರ ಎಮ್ಮಿ ಹೊಡಕೊಂಡು ಅಮೀನಗಡದ ಸಂತಿಗೆ ಹೋಗೂದ. ಬ್ಯಾಸಿಗ್ಯಾಗ ಹಾಲು ಕೊಡದ ಎಮ್ಮಿ ಕಟಗೊಂಡು ನಾನೇನು ಅದರ ಮಾರಿ ನೋಡಕೋಂತ ಕುಂಡ್ರಲಿ?"

ಹೊಳಬಸಪ್ಪ ಒಳ್ಳೆಯವನು. ತಾಯಿ ಹೇಳಿದ್ದಕ್ಕೂ ಹೌದೆನ್ನುವನು, ಹೆಂಡತಿ ಹೇಳಿದ್ದಕ್ಕೂ ಹೌದೆನ್ನುವನು. ಅವನು ಹೌದೆಂದು ತಲೆಯಾಡಿಸಿದ.

ಗುರುಸಿದ್ದವ್ವ ಮಾತ್ರ ಎದ್ದು ಕೊಟ್ಟಿಗೆಗೆ ಹೋಗಿ ಚಂದ್ರಿಯ ಕೊರಳು ಸವರಿದಳು. ಚಂದ್ರಿ ಅವಳ ತವರಿನಿಂದ ಕರುವಾಗಿ ಬಂದದ್ದು. ಅವಳು ಹೊಸಿಲು ದಾಟಿದರೆ ಸಾಕು, ಗುರುತು ಹಿಡಿದು ಕೂಗುತ್ತಿತ್ತು.

ಮರುವರ್ಷ ಗೋವಿನಜೋಳ ಆಳೆತ್ತರ ಬಂತು. ತೆನೆಯಲ್ಲಿ ಹಾಲು ತುಂಬಿತು. ಈ ಸಲ ಮುಂದಾಗಿ ನಿಂತವಳು ಶಿವಲಿಂಗವ್ವ. ಆಳುಗಳನ್ನು ಕರೆದು ಐದರಲ್ಲಿ ಮೂರು ಪಾಲು ಬೆಳೆ ಕೊಯ್ಸಿದಳು. ಮಾಳಿಗೆಯ ಮೇಲೆ ಹಪ್ಪಳ ಹರವಿದಂತೆ ಹರವಿಸಿದಳು. ದಿನಕ್ಕೆ ಎರಡು ಸಲ ಮೇಲೆ ಹತ್ತಿ ಮಗ್ಗುಲು ತಿರುವಿ ಹಾಕಿದಳು. ಎರಡು ದಿನದ ಬಿಸಿಲಿಗೆ ಎಲೆ ಮುಟ್ಟಿದರೆ ಸರಸರ ಎನ್ನುವಂತಾಯಿತು.

ಅದಕ್ಕೊಂದು ಕಾರಣವಿತ್ತು. ಆ ಓಣಿಯಲ್ಲಿ ಹಗೇವು ತುಂಬುವುದೆಂದರೆ ಶಿವಲಿಂಗವ್ವನನ್ನೇ ಕರೆಯುತ್ತಿದ್ದರು. ಹಗೇವು ಎಂದರೆ ನೆಲದೊಳಗೆ ಜೋಳ ತುಂಬಿಡುವ ಆಳವಾದ ಕುಣಿ. ಅವಳು ರಾಶಿಯಿಂದ ನಾಲ್ಕು ಕಾಳು ತೆಗೆದು ಹಲ್ಲಿನಲ್ಲಿ ಕಡಿಯುತ್ತಿದ್ದಳು. ಕಟ್ ಎಂದರೆ "ತುಂಬ್ರಿ" ಎನ್ನುವಳು. ಮೆತ್ತಗಾದರೆ "ಇನ್ನೊಂದು ಬಿಸಲ ಕಾಣಲಿ" ಎನ್ನುವಳು. ಅವಳು ಹೂಂ ಅಂದ ಹಗೇವಿನ ಜೋಳ ಒಂದು ಸಲವೂ ಮುಗ್ಗಿರಲಿಲ್ಲ.

ಗುರುಸಿದ್ದವ್ವ ಅತ್ತೆಗೆ ಎದುರು ಮಾತಾಡಲಿಲ್ಲ. ಆದರೆ ಹೋದ ವರ್ಷ ಕೇಳದೆ ಎದ್ದು ಬಂದ ಮಾತು ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. ಕೊಯ್ಲು ಶುರುವಾದ ದಿನವೇ ಆ ಸಭೆಯಲ್ಲಿ ಮಾತಾಡಿದ್ದ ಹುನಗುಂದದ ಗ್ರಾಮಸೇವಕಿ ನೀಲಾಬಾಯಿಗೆ ಒಂದು ಕಾರ್ಡು ಬರೆದು ಹಾಕಿದ್ದಳು. 'ಮೇವು ಎಷ್ಟು ಹಸಿ ಇರಬೇಕೆಂಬುದನ್ನು ನಾನು ಕೇಳಿಸಿಕೊಳ್ಳಲಿಲ್ಲ. ದಯಮಾಡಿ ಬಂದು ಹೇಳಬೇಕು' ಎಂದಷ್ಟೇ ಬರೆದಿದ್ದಳು.

ಮೂರನೆಯ ದಿನ ಬೆಳಗಿನ ಬಸ್ಸಿಗೆ ನೀಲಾಬಾಯಿ ಬಂದರು. ಅದೇ ಬೆಳಿಗ್ಗೆ ಹೊಳಬಸಪ್ಪ ಉಳಿದ ಎರಡು ಪಾಲು ಬೆಳೆಯನ್ನು ಕೊಯ್ದು ತಂದು ಹಿತ್ತಲಲ್ಲಿ ಸುರಿದಿದ್ದ. ಹಿಂದಿನ ಸಂಜೆ ಮಳೆ ಹನಿದಿತ್ತು; ಮಾಳಿಗೆಯ ಮೇವನ್ನು ಶಿವಲಿಂಗವ್ವ ಅದಕ್ಕೆ ಮೊದಲೇ ಒಳಗೆ ಇಳಿಸಿದ್ದಳು. ಹೊಸದಾಗಿ ಕೊಯ್ದ ಬೆಳೆಯ ಎಲೆಗಳಿಂದ ನೀರು ಇಳಿಯುತ್ತಿತ್ತು. ಮೇವು ಕತ್ತರಿಸುವ ಹಾಲಿನ ಸಂಘದ ಯಂತ್ರ ಅಲ್ಲೇ ನಿಂತಿತ್ತು. ಮರುದಿನ ಅದು ಬೇರೆ ಊರಿಗೆ ಹೋಗಬೇಕಿತ್ತು. ಗುಂಡಿ ತುಂಬುವುದಿದ್ದರೆ ಆ ದಿನವೇ ತುಂಬಬೇಕು.

"ಬರ್ರಿ ಬಾಯಾರ, ಕುಂಡ್ರಿ," ಎಂದು ಶಿವಲಿಂಗವ್ವ ನೀರು ಕೊಟ್ಟಳು. "ಹೋದ ವರ್ಷ ಇವರು ಮಾಡಿದ್ದು ತಿಪ್ಪಿಗೆ ಹೋತು. ಈ ವರ್ಷ ನಾ ಮಾಡಿದ್ದು ನೋಡ್ರಿ." ಮಾಳಿಗೆಯಿಂದ ಇಳಿಸಿದ ಒಂದು ದಂಟು ತೆಗೆದು ಮುರಿದಳು. "ಕೇಳ್ಸಿತಿಲ್ಲೋ? ಹಗೇವಿಗೆ ಹಾಕೂದು ಹಿಂಗ ಇರಬೇಕು."

"ಹಗೇವಿಗೆ ಹಿಂಗ ಇರಬೇಕು, ಖರೆ," ಎಂದರು ನೀಲಾಬಾಯಿ. "ಆದ್ರ ಅವ್ವಾರ, ಇದು ಹಗೇವಲ್ಲಲ್ಲ."

"ನೆಲಾ ತೋಡಿ ಹುಗಿಯೂದು ಹೌದಲ್ಲೋ? ತೆಗ್ಗಿಗೆ ಏನು ಗೊತ್ತು, ಒಳಗ ಇರೂದು ಕಾಳೋ ದಂಟೋ ಅಂತ?"

ನೀಲಾಬಾಯಿ ನಕ್ಕರು. "ಒಂದು ಮಾತು ಕೇಳ್ತೇನಿ, ಹೇಳ್ರಿ. ಹಾಲಿಗೆ ಹೆಪ್ಪು ಹಾಕೂಮುಂದ ಹಾಲು ಹೆಂಗಿರಬೇಕು?"

"ನನಗ ಪರೀಕ್ಷಾ ಮಾಡಾಕ ಬಂದೀರೇನ್ರಿ? ಉಗುರು ಬೆಚ್ಚಗ ಇರಬೇಕು."

"ಕುದಿಯೂ ಹಾಲಿಗೆ ಹಾಕಿದ್ರ?"

"ಒಡದು ಹೋಗತೈತಿ."

"ತಣ್ಣನ್ನ ಹಾಲಿಗೆ ಹಾಕಿದ್ರ?"

"ಹೆಪ್ಪ ಹತ್ತೂದಿಲ್ಲ. ಮುಂಜಾನೆದ್ದು ನೋಡಿದ್ರ ಹಾಲು ಹಾಲ ಇರತೈತಿ."

"ಬೆಚ್ಚಗ ಐತೋ ಇಲ್ಲೋ ಅಂತ ಹೆಂಗ ತಿಳಕೋತೀರಿ?"

"ಬೆರಳು ಅದ್ದಿ ನೋಡ್ತೇನಿ. ಅದಕ್ಕೇನು ಸಾಲಿಗೆ ಹೋಗಬೇಕೇನು?"

"ಹಂಗ ಐತಿ ನೋಡ್ರಿ ಇದೂ. ಕಾಳು ಒಣಗಿದ್ದಕ್ಕ ಉಳಿತೈತಿ. ಈ ಮೇವು ಹುಳಿಯಾಗಿದ್ದಕ್ಕ ಉಳಿತೈತಿ, ಮೊಸರಿನಂಗ. ಹುಳಿಯಾಗಬೇಕಂದ್ರ ಹದಾ ಬೇಕು. ನೀರು ಭಾಳಾದ್ರ ಕೊಳಿತೈತಿ, ಹೋದ ವರ್ಷ ಆದಂಗ. ಭಾಳ ಒಣಗಿದ್ರ ಎಷ್ಟು ತುಳದ್ರೂ ಕೂಡೂದಿಲ್ಲ, ನಡುವ ಗಾಳಿ ನಿಂದರತೈತಿ. ಗಾಳಿ ಇದ್ದಲ್ಲಿ ಬೂಸರು ಬಂತಂತ ತಿಳೀರಿ. ಬೂಸರು ಬಂದ ಮೇವು ತಿಂದ್ರ ಎಮ್ಮಿ ಜಡ್ಡು ಬೀಳತೈತಿ."

ಶಿವಲಿಂಗವ್ವ ಕೈಯಲ್ಲಿದ್ದ ದಂಟನ್ನು ನೋಡಿದಳು. "ಹಂಗಾದ್ರ ಇದಕ್ಕ ಎಲ್ಲಿ ಬೆರಳು ಅದ್ದೂದು?" ಎಂದಳು. ಮಾತಿನಲ್ಲಿ ಇನ್ನೂ ಚುಚ್ಚು ಇತ್ತು. ಆದರೆ ದಂಟನ್ನು ಕೆಳಗಿಟ್ಟಳು.

ನೀಲಾಬಾಯಿ ಎದ್ದರು. ಹಸಿ ಮೇವಿನದು ಸ್ವಲ್ಪ, ಒಣ ಮೇವಿನದು ಸ್ವಲ್ಪ ಕತ್ತರಿಸಲು ಹೇಳಿದರು. ಹೊಳಬಸಪ್ಪ ಯಂತ್ರದ ಗಾಲಿ ತಿರುಗಿಸಿದ. ಬೆರಳಿನ ಒಂದು ಗೆಣ್ಣಿನಷ್ಟು ತುಂಡುಗಳು ಬಿದ್ದವು.

"ಒಂದ ಕಡೆಯಿಂದ ತೊಗೋಬ್ಯಾಡ್ರಿ," ಎಂದರು ನೀಲಾಬಾಯಿ. "ರಾಶಿ ಮ್ಯಾಲಿಂದು ತುಸು, ನಡುವಿಂದು ತುಸು, ತಳದ್ದು ತುಸು ಕೂಡಿಸಿ ಒಂದು ಹಿಡಿ ತೊಗೋರಿ. ಈಗ ಗಟ್ಟ್ಯಾಗಿ ಹಿಂಡಿ ಹಿಡೀರಿ. ಮೂವತ್ತು ಎಣಸೂತನಕ ಬಿಡಬಾರದು."

ಶಿವಲಿಂಗವ್ವ ಹಸಿ ಮೇವಿನ ಹಿಡಿ ಹಿಂಡಿ, ಒಂದು ಎರಡು ಎಂದು ಎಣಿಸುವ ಬದಲು "ಶಿವಾ, ಶಿವಾ" ಎಂದು ಮೂವತ್ತು ಸಲ ಎಂದಳು. ಹತ್ತನೆಯ ಶಿವಾ ಎನ್ನುವಾಗಲೇ ಬೆರಳ ಸಂದಿಯಿಂದ ನೀರು ಮೊಳಕೈಗೆ ಇಳಿಯಿತು.

ಆ ಹೊತ್ತಿಗೆ ದೌಲತಬಿ ಗೋಡೆಯ ಆಚೆಯಿಂದ ಇಣುಕಿದಳು. "ಏನ ಶಿವಲಿಂಗಕ್ಕ, ಎಮ್ಮಿಗೆ ಬಿಸಿರೊಟ್ಟಿ ಹಿಚುಕಿದಂಗ ಮುಟಗಿ ಮಾಡಾಕತ್ತೀಯೇನು? ಬೆಳ್ಳೊಳ್ಳಿ, ಖಾರ ಬೇಕಾದ್ರ ಅಂಗಡ್ಯಾಗ ಅದಾವು."

"ಬಾ, ನಿನಗೂ ಒಂದು ಉಂಡಿ ತಿನಸ್ತೇನಿ," ಎಂದಳು ಶಿವಲಿಂಗವ್ವ. ಎಲ್ಲರೂ ನಕ್ಕರು.

"ಕೈ ಬಿಡ್ರಿ ಈಗ," ಎಂದರು ನೀಲಾಬಾಯಿ. ಉಂಡೆ ಹಾಗೇ ಗಟ್ಟಿಯಾಗಿ ಕೂತಿತ್ತು. "ನೀರು ಹನೀತು, ಉಂಡಿ ಬಿಚ್ಚಲಿಲ್ಲ. ಅಂದ್ರ ಭಾಳ ಹಸಿ. ಇದನ್ನ ಹಂಗ ತುಂಬಿದ್ರ ಮತ್ತ ಗ್ವಾಡಿ ಅಳತೈತಿ."

ಆಮೇಲೆ ಮಾಳಿಗೆಯ ಮೇವು. ಶಿವಲಿಂಗವ್ವ ಮೂವತ್ತು ಶಿವಾ ಎಂದು ಕೈ ಬಿಡುತ್ತಲೇ ತುಂಡುಗಳು ಹೊಟ್ಟಿನಂತೆ ಚದುರಿ ಬಿದ್ದವು. ಅಂಗೈ ಒಣಗಿತ್ತು.

"ಇದು ಭಾಳ ಒಣ. ನಡುವಿಂದು ಬೇಕು. ಅಂಗೈ ಪಸಿ ಆಗಬೇಕು, ನೀರು ಹನೀಬಾರದು. ಕೈ ಬಿಟ್ಟ ಮ್ಯಾಲ ಉಂಡಿ ಒಮ್ಮೆಲೆ ಒಡೀಬಾರದು, ಮೆಲ್ಲಕ ಬಿಚ್ಚಬೇಕು. ಅದ ಹದಾ."

"ಮೆಲ್ಲಕಂದ್ರ ಎಷ್ಟು ಮೆಲ್ಲಕ?" ಗುರುಸಿದ್ದವ್ವ ಕೇಳಿದಳು. "ನನ್ನ ಕೈಗೆ ಒಂದು, ಅತ್ತಿ ಕೈಗೆ ಒಂದು ಅನಸಿದ್ರ ಹೆಂಗ್ರಿ ಅಕ್ಕಾರ? ಹೋದ ವರ್ಷದಂಗ ಆಗಬಾರದು."

"ಚಲೋ ಕೇಳಿದಿ. ಅದಕ್ಕ ತಕ್ಕಡಿ ಐತಿ. ತಕ್ಕಡಿಗೆ ಅತ್ತಿ ಯಾರು, ಸೊಸಿ ಯಾರು ಗೊತ್ತಿಲ್ಲ." ನೀಲಾಬಾಯಿ ಗೋಡೆಯ ಕಡೆ ತಿರುಗಿದರು. "ದೌಲತಬೀ, ನಿಮ್ಮ ಸಣ್ಣ ತಕ್ಕಡಿ ಕೊಡ್ತೀರೇನು? ತೂಕದ ಕಲ್ಲೂ ಬೇಕು, ನೂರರಿಂದ ಐದು ಗ್ರಾಮಿನ ತನಕ."

"ಒಯ್ರಿ. ಖಾರದಪುಡಿ ತೂಗೂ ತಕ್ಕಡಿ ಮತ್ತ. ಎಮ್ಮಿ ಸೀನಿದ್ರ ನನ್ನ ಮ್ಯಾಲ ಬರಬ್ಯಾಡ್ರಿ," ಎಂದು ದೌಲತಬಿ ತಕ್ಕಡಿಯನ್ನು ಒರೆಸಿ ತಾನೇ ಹೊತ್ತು ತಂದಳು. ಅಂಗಡಿಗೆ ಬಾಗಿಲು ಹಾಕಿಯೇ ಬಂದಿದ್ದಳು.

"ಇನ್ನು ಒಂದು ಹಂಚು ಬೇಕು," ಎಂದರು ನೀಲಾಬಾಯಿ.

"ಹಂಚು ಯಾಕ?" ಶಿವಲಿಂಗವ್ವನ ಹುಬ್ಬು ಮೇಲೇರಿತು.

"ಮೇವು ಹುರಿಯಾಕ."

"ಮನಶಾರು ಉಣ್ಣೂ ರೊಟ್ಟಿ ಹಂಚಿನ ಮ್ಯಾಲ ಎಮ್ಮಿ ಮೇವೇನು? ಇದು ಯಾವ ಊರ ಪದ್ಧತಿ ಬಾಯಾರ? ಆಗಾಕಿಲ್ಲ!"

ಗುರುಸಿದ್ದವ್ವ ಅಟ್ಟದ ಮೇಲಿನಿಂದ ಅಂಚು ಸೀಳಿದ್ದ ಹಳೆಯ ಹಂಚನ್ನು ತೆಗೆದು ತಂದಳು. ಶಿವಲಿಂಗವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಇದಾದ್ರ ಆಗಲಿ," ಎಂದಳು.

ನೀಲಾಬಾಯಿ ಹಸಿ ಮೇವನ್ನು ಸರಿಯಾಗಿ ನೂರು ಗ್ರಾಂ ತೂಗಿ ಹಂಚಿನ ಮೇಲೆ ಹರವಿದರು. ಹೊಳಬಸಪ್ಪ ನೆರವಾಗಲು ಹೋಗಿ ಒಲೆಗೆ ಎರಡು ಕುಳ್ಳು ತುರುಕಿದ. ಕ್ಷಣದಲ್ಲಿ ಹೊಗೆಯೆದ್ದಿತು. ಮೇವು ಕರ್ರಗಾಯಿತು.

"ತಗೀ ತಗೀ! ಹೊತ್ತತು! ರೊಟ್ಟಿ ಬಡಿಯಾಕ ಬರೂದಿಲ್ಲ, ಒಲಿ ಮುಂದ ಕುಂತಾನ ಇಂವ!" ಶಿವಲಿಂಗವ್ವ ಮಗನನ್ನು ಸರಿಸಿ ತಾನೇ ಒಲೆಯ ಮುಂದೆ ಕೂತಳು.

"ಹೊತ್ತಿದ್ದು ಲೆಕ್ಕಕ್ಕ ಬರೂದಿಲ್ಲ," ಎಂದರು ನೀಲಾಬಾಯಿ. "ನೀರಷ್ಟ ಹೋಗಬೇಕು, ಮೇವು ಸುಡಬಾರದು. ಮತ್ತ ನೂರು ಗ್ರಾಂ ತೂಗೂಣು. ಅವ್ವಾರ, ಉರಿ ಹೆಂಗಿರಬೇಕು ಅನ್ನೂದು ನಿಮ್ಮ ಕೈಯಾಗ."

ಶಿವಲಿಂಗವ್ವ ಉರಿ ತೆಗೆದು ಕೆಂಡವಷ್ಟೇ ಉಳಿಸಿದಳು. ಮೇವನ್ನು ಕಟ್ಟಿಗೆಯ ಸೌಟಿನಲ್ಲಿ ಮೆಲ್ಲಗೆ ತಿರುವಿದಳು. ಮೊದಲು ಹಬೆ ಬಂತು, ಆಮೇಲೆ ಹಬೆ ನಿಂತಿತು. ತೂಗಿದರು. ಮತ್ತೆ ಹಂಚಿಗೆ ಹಾಕಿದರು, ಮತ್ತೆ ತೂಗಿದರು.

"ಎಷ್ಟು ಸಲ ತೂಗೂದು?" ಎಂದಳು ದೌಲತಬಿ.

"ಎರಡು ಸಲ ತೂಕ ಒಂದ ಬರೂತನಕ. ಇಳಿಯೂದು ನಿಂತ್ರ ನೀರು ಮುಗೀತು ಅಂತ."

ಕೊನೆಗೆ ಉಳಿದದ್ದು ಇಪ್ಪತ್ತು ಗ್ರಾಂ.

ಗುರುಸಿದ್ದವ್ವ ತಟ್ಟೆಯನ್ನೇ ನೋಡುತ್ತ ನಿಂತಳು. "ನೂರರಾಗ ಎಂಬತ್ತು ನೀರು?" ಎಂದಳು. ಹೋದ ವರ್ಷ ತಾವು ಗುಂಡಿಗೆ ಹಾಕಿದ್ದು ಮೇವಲ್ಲ, ಕೊಡಗಟ್ಟಲೆ ನೀರು ಎಂದು ಅವಳಿಗೆ ಆಗ ಗೊತ್ತಾಯಿತು.

ಆಮೇಲೆ ಮಾಳಿಗೆಯ ಮೇವನ್ನೂ ಹಾಗೇ ಮಾಡಿದರು. ನೂರಕ್ಕೆ ಐವತ್ತೈದು ಉಳಿಯಿತು.

"ನಮಗ ಬೇಕಾದ್ದು ಮೂವತ್ತರಿಂದ ಮೂವತ್ತೈದು," ಎಂದರು ನೀಲಾಬಾಯಿ. "ಅಂದ್ರ ನೂರು ಪಾಲಿನಾಗ ನೀರು ಅರವತ್ತೈದರಿಂದ ಎಪ್ಪತ್ತು. ಈ ಹಸೀದನ್ನ ಅರ್ಧಾ ದಿನ ಬಿಸಲಾಗ ಹರವಿ ಮತ್ತ ನೋಡೂಣು."

ಎಲ್ಲರೂ ಹೊರಗೆ ಬಂದರು. ಬಿಸಿಲೇ ಇರಲಿಲ್ಲ. ಅವರು ಒಲೆಯ ಮುಂದೆ ಕೂತಿದ್ದಾಗ ಮೋಡ ಬಂದು ಊರ ಮೇಲೆ ನಿಂತಿತ್ತು. ತಂಪು ಗಾಳಿ ಬೀಸಿತು.

ಹೊಳಬಸಪ್ಪ ತಲೆ ಕೆರೆದುಕೊಂಡ. "ನಾಳೆ ಯಂತ್ರ ಹೋಗತೈತಿ. ಬಿಸಲು ಬರಂಗ ಕಾಣೂದಿಲ್ಲ. ಹಸೀದು ತುಂಬಿದ್ರ ಕೊಳಿತೈತಿ, ಇಟ್ಟರ ಮಳಿಗೆ ಕೊಳಿತೈತಿ."

ಕೊಟ್ಟಿಗೆಯಲ್ಲಿ ಚಂದ್ರಿ ಒಂದು ಸಲ ಕೂಗಿತು. ಗುರುಸಿದ್ದವ್ವನಿಗೆ ಅಳು ಬಂದಂತಾಯಿತು. ನೀಲಾಬಾಯಿಯೂ ಮುಗಿಲು ನೋಡುತ್ತ ನಿಂತರು.

ಆಗ ಶಿವಲಿಂಗವ್ವ ಕೇಳಿದಳು. "ಬಾಯಾರ, ರೊಟ್ಟಿ ಹಿಟ್ಟಿಗೆ ನೀರು ಭಾಳ ಬಿದ್ದು ತೆಳ್ಳಗಾತು ಅಂದ್ರ ನೀವೇನು ಮಾಡ್ತೀರಿ? ಬಿಸಲಿಗಿಡ್ತೀರೇನು?"

"ಇಲ್ಲ. ಮ್ಯಾಲ ಒಣಾ ಹಿಟ್ಟು..." ನೀಲಾಬಾಯಿಯ ಮಾತು ಅಲ್ಲಿಗೇ ನಿಂತಿತು. ಅವರ ಮುಖ ಅರಳಿತು. "ಅವ್ವಾರ! ನೀವು ಒಣಗಿಸಿದ್ದ ಐತಲ್ಲ!"

"ಅದನ್ನ ಹೇಳಾಕತ್ತೇನಿ. ನಂದು ಒಣಗಿ ಹೊಟ್ಟಾಗೇತಿ ಅಂದ್ರಿ. ಇವರದು ನೀರಾಗೇತಿ. ಕೂಡಿಸಿ ನಾದೂಣು."

ನೀಲಾಬಾಯಿ ನೆಲದ ಮೇಲೆ ಕಡ್ಡಿಯಿಂದ ಲೆಕ್ಕ ಹಾಕಿದರು. ಹಸಿಯದು ಎರಡು ತೂಕ, ಒಣದು ಒಂದು ತೂಕ ಕೂಡಿಸಿದರೆ ನೂರಕ್ಕೆ ಮೂವತ್ತೆರಡರ ಹತ್ತಿರ ಬರುತ್ತಿತ್ತು. "ಬುಟ್ಟಿ ಲೆಕ್ಕ ಬ್ಯಾಡ. ಒಣಾ ಬುಟ್ಟಿ ಹಗುರ ಇರತೈತಿ, ಮೋಸ ಆಗತೈತಿ. ತೂಕದ ಲೆಕ್ಕ ಇರಲಿ. ಮ್ಯಾಲ ಅವ್ವಾರ ಮುಷ್ಟಿ ಇದ್ದ ಐತಿ."

ಮುಂದೆ ಆ ಹಿತ್ತಲಲ್ಲಿ ಯಾರೂ ಸುಮ್ಮನೆ ಕೂರಲಿಲ್ಲ. ಹೊಳಬಸಪ್ಪ ಗಾಲಿ ತಿರುಗಿಸಿದ. ಗುರುಸಿದ್ದವ್ವ ಹಸಿದನ್ನೂ ಒಣದನ್ನೂ ಹಾಸುಗಲ್ಲಿನ ಮೇಲೆ ಸುರಿದು ಕೂಡಿಸಿದಳು. ದೌಲತಬಿ ಸೀರೆ ಮೇಲಕ್ಕೆ ಕಟ್ಟಿ ಗುಂಡಿಗಿಳಿದು ತುಳಿದಳು. "ಯವ್ವಾ, ನನ್ನ ಲಗ್ನದಾಗೂ ನಾ ಇಷ್ಟು ಕುಣಿದಿಲ್ಲ," ಎಂದಳು.

ಶಿವಲಿಂಗವ್ವ ಗುಂಡಿಯ ಬಾಯಿಗೆ ನಿಂತಿದ್ದಳು. ಅವಳ ಮುಷ್ಟಿ ದಾಟದೆ ಒಂದು ಬುಟ್ಟಿಯೂ ಒಳಗೆ ಹೋಗಲಿಲ್ಲ. ಪ್ರತಿ ರಾಶಿಯಿಂದ ಒಂದು ಹಿಡಿ, ಮೂವತ್ತು ಶಿವಾ. ಅಂಗೈ ತೋಯ್ದರೆ "ಒಣದು ತಾ". ಪುಡಿಯಾದರೆ "ಹಸೀದು ತಾ". ಉಂಡೆ ಮೆಲ್ಲಗೆ, ನಿದ್ದೆಯಿಂದ ಏಳುವ ಮಗುವಿನಂತೆ ಬಿಚ್ಚಿಕೊಂಡರೆ ಮಾತ್ರ "ತುಂಬ್ರಿ".

ಅರ್ಧ ಗುಂಡಿ ತುಂಬಿದಾಗ ಒಂದು ಸಲ ಹಂಚಿಗೆ ಹಾಕಿ ತೂಗಿದರು. ಮೂವತ್ತರ ಕಲ್ಲಿಗೆ ಮೇವಿನ ತಟ್ಟೆ ತುಸು ಕೆಳಗಿತ್ತು, ಮೂವತ್ತೈದಕ್ಕೆ ತುಸು ಮೇಲಿತ್ತು. ನೀಲಾಬಾಯಿ ಚಪ್ಪಾಳೆ ತಟ್ಟಿದರು. ಶಿವಲಿಂಗವ್ವ, "ಕೈ ಹೇಳಿದ್ದನ್ನ ತಕ್ಕಡಿ ಹೇಳೇತಿ, ಅದರಾಗೇನೈತಿ," ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನಗು ಮುಚ್ಚಲು ಒರೆಸಿಕೊಂಡಳೆಂದು ಎಲ್ಲರಿಗೂ ಗೊತ್ತಾಯಿತು.

ಗುಂಡಿಯನ್ನು ನೆಲಕ್ಕಿಂತ ಮೊಳದಷ್ಟು ಎತ್ತರ ತುಂಬಿ, ಮೇಲೆ ಹುಲ್ಲು ಹಾಸಿ, ಮಣ್ಣು ಸಗಣಿ ಕಲಸಿ ಮೆತ್ತಿದರು. ಮೊದಲ ಹನಿ ಬೀಳುವ ಹೊತ್ತಿಗೆ ಕೊನೆಯ ಸಂದಿ ಮುಚ್ಚಿತ್ತು.

ಆಮೇಲಿನ ದಿನಗಳಲ್ಲಿ ಗುರುಸಿದ್ದವ್ವ ಮಲಗುವ ಮೊದಲು ಕಲ್ಲಿನ ಗೋಡೆಗೆ ಕೈಯಿಟ್ಟು ನೋಡುತ್ತಿದ್ದಳು. ಗೋಡೆ ಒಣಗಿತ್ತು. ತಗಡಿನ ಮೇಲೆ ಧೂಳು ಮಾತ್ರ ಇತ್ತು.

ಎರಡು ತಿಂಗಳು ಕಳೆದು ಗುಂಡಿಯ ಒಂದು ಮೂಲೆ ತೆರೆದಾಗ ಓಣಿಯವರು ಈ ಸಲವೂ ಮೂಗಿಗೆ ಸೆರಗು ಹಿಡಿದೇ ಬಂದಿದ್ದರು. ಬಂದವರು ಸೆರಗು ಇಳಿಸಿದರು. ಹಣ್ಣಾದ ಬಾಳೆಯ ಹಾಗೆ, ಸ್ವಲ್ಪ ಹುಳಿ ಮಜ್ಜಿಗೆಯ ಹಾಗೆ ವಾಸನೆ. ಬಣ್ಣ ಹಳದಿ ಕೂಡಿದ ಹಸಿರು. ಗುರುಸಿದ್ದವ್ವ ಒಂದು ಬುಟ್ಟಿ ತುಂಬಿ ಚಂದ್ರಿಯ ಮುಂದೆ ಇಟ್ಟಳು. ಚಂದ್ರಿ ಮೂಸಿತು. ಎಮ್ಮೆ ನಾಲಿಗೆ ಚಾಚಿ ಒಂದು ಬಾಯಿ ತಿಂದಿತು. ಆಮೇಲೆ ಬುಟ್ಟಿಯಿಂದ ಮುಖ ಎತ್ತಲೇ ಇಲ್ಲ.

ಶಿವಲಿಂಗವ್ವ ಮಗನನ್ನು ಕರೆದಳು. "ಅಮೀನಗಡದ ಸಂತಿಗೆ ಯಾವಾಗ ಹೊಂಟಿ?"

ಹೊಳಬಸಪ್ಪ ಗಾಬರಿಯಾದ. "ಯಾಕವ್ವಾ? ಎಮ್ಮಿ ತಿಂತಲ್ಲ!"

"ತಿಂತು ಅಂತ ಹೇಳಾಕತ್ತೇನಿ. ಹೋದ್ರ ಇದರ ಕೊಳ್ಳಿಗೆ ಒಂದು ಹೊಸಾ ಗಂಟಿ ತಾ. ಹಳೇದು ಒಡದೈತಿ."

ಆ ಬೇಸಿಗೆಯಲ್ಲಿ ಚಂದ್ರಿ ದಿನಕ್ಕೆ ನಾಲ್ಕು ಲೀಟರಿಗೆ ಕಡಿಮೆ ಹಾಲು ಕೊಡಲಿಲ್ಲ. ಮುಂದಿನ ಮಳೆಗಾಲಕ್ಕೆ ಓಣಿಯಲ್ಲಿ ಮತ್ತೆ ಮೂರು ಗುಂಡಿಗಳಾದವು. ಮೂರು ಮನೆಯವರೂ ಶಿವಲಿಂಗವ್ವನನ್ನು ಕರೆಯಲು ಬಂದರು.

"ಹಂಚು, ತಕ್ಕಡಿ ತರೂದೇನ್ರಿ?" ಎಂದು ಲಗಮವ್ವ ಎಂಬುವಳು ಕೇಳಿದಳು. ಅವಳ ಮನೆಯ ಗುಂಡಿ ಮರುದಿನ ತುಂಬುವುದಿತ್ತು.

"ಹಂಚು ಗಿಂಚು ಎಲ್ಲಾ ಕಲಿಯೂ ಹುಡುಗ್ಯಾರಿಗೆ," ಎಂದಳು ಶಿವಲಿಂಗವ್ವ. "ನನಗ ಈ ಕೈ ಸಾಕು. ನಿನ್ನ ಮೇವಿಂದು ನಾಲ್ಕು ಹಿಡಿ ಕೊಟ್ಟು ಹೋಗು, ನೋಡಿ ಹೇಳ್ತೇನಿ."

ಅದೇ ಮಧ್ಯಾಹ್ನ ಗುರುಸಿದ್ದವ್ವ ಹೊಲಕ್ಕೆ ಹೊರಟವಳು ಹಗ್ಗ ಮರೆತು ಹಿಂದಿರುಗಿದಳು. ಅಡಿಗೆಮನೆಯ ಬಾಗಿಲು ಅರ್ಧ ಹಾಕಿತ್ತು. ಒಳಗಿಂದ ಸಣ್ಣ ಹೊಗೆ ಬರುತ್ತಿತ್ತು. ಅವಳು ಇಣುಕಿದಳು.

ಶಿವಲಿಂಗವ್ವ ಒಲೆಯ ಮುಂದೆ ಬಗ್ಗಿ ಕೂತಿದ್ದಳು. ಕೆಂಡದ ಮೇಲೆ ಅಂಚು ಸೀಳಿದ ಹಂಚು, ಹಂಚಿನ ಮೇಲೆ ಲಗಮವ್ವನ ಮೇವು. ಪಕ್ಕದಲ್ಲಿ ದೌಲತಬಿಯ ತಕ್ಕಡಿ. ಅವಳು ಮೇವನ್ನು ತೂಗಿದಳು, ಮತ್ತೆ ಹಂಚಿಗೆ ಹಾಕಿದಳು, ಮತ್ತೆ ತೂಗಿದಳು. ಕಣ್ಣು ಕಿರಿದು ಮಾಡಿ ತಕ್ಕಡಿಯ ಮುಳ್ಳನ್ನು ನೋಡಿದಳು. ಮೇವು ಮೂವತ್ತೈದರ ಕಲ್ಲಿಗೆ ಸರಿತೂಗಿರಬೇಕು. ದೊಡ್ಡದೊಂದು ಉಸಿರು ಬಿಟ್ಟು, ತನ್ನ ಬಲಗೈಯ ಅಂಗೈಯನ್ನು ತಾನೇ ನೋಡಿಕೊಂಡು, "ಖರೇನ ಹೇಳೀಯವಾ" ಎಂದು ಅದಕ್ಕೆ ಹೇಳಿದಳು.

ತನ್ನ ಮೇವಾದರೆ ಒಂದು ಮಾತು. ಇದು ಇನ್ನೊಬ್ಬರ ಎಮ್ಮೆಯ ಮೇವು; ಕೆಟ್ಟರೆ ಹೇಗೆ? ಅತ್ತೆಗೂ ತನ್ನ ಹಾಗೇ ಎದೆ ಹೊಡೆದುಕೊಳ್ಳುತ್ತದೆ ಎಂದು ಗುರುಸಿದ್ದವ್ವನಿಗೆ ಅದೇ ಮೊದಲು ಗೊತ್ತಾದದ್ದು. ಅವಳು ಕಾಲುಸಪ್ಪಳವಿಲ್ಲದೆ ಅಂಗಳದವರೆಗೆ ಹಿಂದೆ ಹೋದಳು. ಅಲ್ಲಿಂದ ಗಟ್ಟಿಯಾಗಿ ಕೆಮ್ಮಿದಳು. ಒಳಗೆ ಹಂಚು ಅಟ್ಟಕ್ಕೇರುವ ಸದ್ದಾಗುವವರೆಗೆ ಕಾದು, "ಅತ್ತೀ, ಹಗ್ಗಾ ಮರತಿದ್ನಿರಿ" ಎನ್ನುತ್ತ ಬಂದಳು.

ಓದುತ್ತಿರುವ ತಾಯಂದಿರೇ, ಅಣ್ಣಂದಿರೇ, ಗುಂಡಿ ತುಂಬುವ ಮೊದಲು ನೀವೂ ಒಂದು ಹಿಡಿ ಮೇವನ್ನು ಹಿಂಡಿ ನೋಡಿ. ನೀರು ಹನಿದರೆ ಒಣಗಿಸಿ, ಇಲ್ಲವೇ ಒಣ ಮೇವು ಕೂಡಿಸಿ. ಪುಡಿಯಾಗಿ ಉದುರಿದರೆ ಹಸಿ ಮೇವು ಕೂಡಿಸಿ. ಅಂಗೈ ಪಸೆಯಾಗಿ, ಉಂಡೆ ಮೆಲ್ಲಗೆ ಬಿಚ್ಚಿಕೊಂಡರೆ ತುಂಬಿ ತುಳಿಯಿರಿ. ಆದರೆ ಕೈಯೊಂದನ್ನೇ ನಂಬಬೇಡಿ. ನೂರು ಗ್ರಾಂ ತೂಗಿ, ಸಣ್ಣ ಕೆಂಡದ ಮೇಲೆ ಸುಡದಂತೆ ಒಣಗಿಸಿ, ಮತ್ತೆ ತೂಗಿ. ಮೂವತ್ತರಿಂದ ಮೂವತ್ತೈದು ಗ್ರಾಂ ಉಳಿಯಬೇಕು. ಒಂದು ಹಳೆಯ ಹಂಚು, ಪಕ್ಕದ ಅಂಗಡಿಯ ತಕ್ಕಡಿ, ಒಂದು ತಾಸಿನ ಹೊತ್ತು ಸಾಕು. ಇದನ್ನು ನಿಮ್ಮ ಓಣಿಯಲ್ಲಿ ಎಲ್ಲರಿಗೂ ಹೇಳಿ.

ಗುರುಸಿದ್ದವ್ವನೂ ಎಲ್ಲರಿಗೂ ಹೇಳುತ್ತಾಳೆ. ಆ ಮಧ್ಯಾಹ್ನ ಅಡಿಗೆಮನೆಯಲ್ಲಿ ಕಂಡದ್ದನ್ನು ಮಾತ್ರ ಯಾರಿಗೂ ಹೇಳಬಾರದೆಂದು ಅವಳು ಅಂದೇ ನಿಶ್ಚಯಿಸಿದಳು. ದೌಲತಬಿ, "ನನ್ನ ತಕ್ಕಡಿ ಯಾಕವಾ ಹೊಗಿ ನಾರತೈತಿ?" ಎಂದು ಕೇಳಿದಾಗಲೂ, "ಯಾರಿಗೆ ಗೊತ್ರಿ ಅಕ್ಕ" ಎಂದು ಹಗ್ಗ ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ನಡೆದಳು.